ಹೆದರಿದ ಎಳೆಮಕ್ಕಳ ಮನಸ್ಸು



“ಎಳೇ ಮಗು, ಅದಕ್ಕೇನ್ ಗೊತ್ತಾಗತ್ತೆ?” ಎಂಬ ಮಾತನ್ನು ನಾವೆಲ್ಲ ಆಡುತ್ತೇವೆ. ಮಗುವಿಗೆ ಗೊತ್ತಾಗುತ್ತದೆ, ಹೇಳಲು ಮಾತು ಬಾರದಷ್ಟೇ. ಅದರ ಹೆದರಿಕೆ ಮೈಯಲ್ಲಿ ಕಾಣುತ್ತದೆ.

2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದಲ್ಲಿ ಮನೆಗಳಿಗೇ ನೀರು ನುಗ್ಗಿತು. ಕನಕಪುರದ ಕಡೆ ಆನೆ ಬಂದ ರಾತ್ರಿ ಊರೆಲ್ಲ ಕೂಗಾಟ. ಇವು ಎಲ್ಲರಿಗೂ ಕಾಣುವ ಭಯಗಳು. ನಮ್ಮ ಕಲ್ಯದಂಥ ಊರುಗಳಲ್ಲಿ ಕಾಣದೇ ಉಳಿಯುವ ಭಯ ಇನ್ನೊಂದಿದೆ: ದಿನಾ ಸಂಜೆ ಕುಡಿದು ಬಂದು ಅಮ್ಮನನ್ನು ಹೊಡೆಯುವ ಅಪ್ಪ. ನೀರು ಇಳಿಯುತ್ತದೆ, ಆನೆ ಕಾಡಿಗೆ ಹೋಗುತ್ತದೆ. ಈ ಭಯ ಮಾತ್ರ ಮನೆಯೊಳಗೇ ಇರುತ್ತದೆ.

ಹಸುಗೂಸಾದರೆ ಹಾಲು ಬಿಡುತ್ತದೆ, ಸಣ್ಣ ಸದ್ದಿಗೂ ಬೆಚ್ಚುತ್ತದೆ. ಕೆಲವು ಮಕ್ಕಳು ಅಳುವುದನ್ನೇ ನಿಲ್ಲಿಸಿಬಿಡುತ್ತವೆ. “ಎಷ್ಟ್ ಒಳ್ಳೇ ಮಗು” ಎಂದುಕೊಳ್ಳಬೇಡಿ. ಮೂರು ನಾಲ್ಕು ವರ್ಷದ ಮಗು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯಬಹುದು, ಸೆರಗು ಬಿಡದಿರಬಹುದು, ಬೊಂಬೆಯನ್ನು ಹೊಡೆದು ಹೊಡೆದು ಆಡಬಹುದು. ಅದಕ್ಕೆ ಬೈಯಬೇಡಿ. ನಡೆದದ್ದನ್ನು ಮಗು ಆಟದಲ್ಲೇ ಹೇಳುತ್ತದೆ, ಹತ್ತಿರ ಕೂತು ನೋಡಿ.

ದೃಷ್ಟಿ ತೆಗೆದು ಅಜ್ಜಿಗೆ ಸಮಾಧಾನವಾದರೆ ಆಗಲಿ, ಜಗಳ ಬೇಡ. ಆದರೆ ಅಷ್ಟಕ್ಕೇ ಬಿಡಬೇಡಿ. ಹಾಲು ಬಿಟ್ಟ ಕೂಸನ್ನು ಮೊದಲು ಡಾಕ್ಟರಿಗೆ ತೋರಿಸಿ, ಜ್ವರವೋ ಸೋಂಕೋ ಇರಬಹುದು. ದಿನಾ ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ನಿದ್ದೆ, ಎತ್ತಿಕೊಳ್ಳಲು ಅದೇ ಕೈ, ಇದು ಎಳೆಮಗುವಿಗೆ ದೊಡ್ಡ ಧೈರ್ಯ. ಸತ್ತವರನ್ನು “ಊರಿಗೆ ಹೋಗಿದಾರೆ” ಎನ್ನಬೇಡಿ, ಮಗು ಬಾಗಿಲು ಕಾಯುತ್ತಾ ಕೂರುತ್ತದೆ. “ಅಪ್ಪ ಸತ್ತುಹೋದ್ರು, ಮತ್ತೆ ಬರಲ್ಲ, ನಾನು ನಿನ್ನ ಜೊತೇಲೇ ಇದೀನಿ” ಅಂತ ಸರಳವಾಗಿ ಹೇಳಿ.

ಅಮ್ಮನೇ ಕುಸಿದಿದ್ದರೆ ಮಗುವನ್ನು ಯಾರು ಹಿಡಿಯಬೇಕು? ಇಲ್ಲಿ ಸಂಘದ ಕೆಲಸವಿದೆ. ಸಾಲದ ಕಂತು ಕಟ್ಟದವಳ ಮನೆಗೆ ಹೋಗುವ ನಾವು, ಹೊಡೆತ ತಿಂದವಳ ಮನೆಗೂ ಹೋಗೋಣ. ಮಗುವಿಗೆ ಪರಿಚಯವಿರುವ ಒಬ್ಬಳೇ ದಿನಾ ಹೋಗಿ ಎರಡು ಗಂಟೆ ನೋಡಿಕೊಂಡರೆ ತಾಯಿ ಸ್ವಲ್ಪ ಮಲಗಿಯಾಳು.

ತಿಂಗಳಾದರೂ ಮಗು ಸರಿಹೋಗದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸಿಗೇ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಬೇಕಿಲ್ಲ. ಮಗುವಿಗೇ ಹೊಡೆತ ಬೀಳುತ್ತಿದ್ದರೆ ತಿಂಗಳು ಕಾಯಬೇಡಿ, ಅಂದೇ 1098ಕ್ಕೆ ಕರೆಮಾಡಿ. ಎರಡೂ ನಂಬರ್‌ಗಳನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.