ಅಧ್ಯಯನ ಲೇಖನ: ಹಳೆಯ ಡಾಂಬರಿನ ಮರುಬಳಕೆ ಮತ್ತು ಜಲ್ಲಿಯ ಹಿಡಿತ

ಹಾಳಾದ ರಸ್ತೆಯ ಮೇಲೆ ಪದರದ ಮೇಲೆ ಪದರ ಹಾಕುತ್ತ ಹೋದರೆ ರಸ್ತೆಯ ಮಟ್ಟ ಏರಿ, ಮಳೆನೀರು ಮನೆಗಳ ಅಂಗಳಕ್ಕೆ ನುಗ್ಗುತ್ತದೆ. ಹಳೆಯ ಪದರವನ್ನು ಕೆರೆದು ತೆಗೆದು, ಅದನ್ನೇ ಹೊಸ ಮಿಶ್ರಣದಲ್ಲಿ ಬಳಸುವುದು ಇದಕ್ಕೊಂದು ಪರಿಹಾರ. ಭಾರತೀಯ ರಸ್ತೆ ಕಾಂಗ್ರೆಸ್ ಇದಕ್ಕಾಗಿ ಐಆರ್‌ಸಿ:120-2015 ಮಾರ್ಗಸೂಚಿಯನ್ನು ಪ್ರಕಟಿಸಿದೆ. ಆದರೆ ಹಳೆಯ ಡಾಂಬರು ಹೊಸದರಂತೆ ವರ್ತಿಸುವುದಿಲ್ಲ ಎಂಬುದನ್ನು ಸದಸ್ಯರು ಅರಿತಿರುವುದು ಅವಶ್ಯ.

ಹಳೆಯ ಡಾಂಬರಿನ ಗುಣ: ಬಿಸಿಲು ಮತ್ತು ಗಾಳಿಗೆ ಸಿಲುಕಿದ ಡಾಂಬರಿನಲ್ಲಿ ಎಣ್ಣೆಯ ಅಂಶ ಕಡಿಮೆಯಾಗಿ, ಆಸ್ಫಾಲ್ಟೀನ್ ಎಂಬ ಗಡುಸು ಅಂಶ ಹೆಚ್ಚುತ್ತದೆ. ಇಂತಹ ಡಾಂಬರು ಬಿರುಕು ಬಿಡುತ್ತದೆ. ಆದ್ದರಿಂದ ಮರುಬಳಕೆಯ ಪ್ರಮಾಣ ಹೆಚ್ಚಾದಂತೆ ವಿಜಿ-30ರ ಬದಲು ಮೃದುವಾದ ವಿಜಿ-10 ದರ್ಜೆಯನ್ನಾಗಲಿ, ಮೃದುಕಾರಕ ದ್ರವ್ಯವನ್ನಾಗಲಿ ಸೇರಿಸಲಾಗುತ್ತದೆ. ಅದು ಅತಿಯಾದರೆ ಚಕ್ರದ ಹಾದಿಯಲ್ಲಿ ತಗ್ಗು ಬೀಳುತ್ತದೆ.

ಲೆಕ್ಕದ ಎಚ್ಚರಿಕೆ: ಉದಾಹರಣೆಗೆ, 1,000 ಕಿ.ಗ್ರಾಂ. ಮಿಶ್ರಣಕ್ಕೆ 50 ಕಿ.ಗ್ರಾಂ. ಡಾಂಬರು ಬೇಕೆಂದು ಭಾವಿಸೋಣ. ಅದರಲ್ಲಿ ಸೇರುವ 200 ಕಿ.ಗ್ರಾಂ. ಹಳೆಯ ಸಾಮಗ್ರಿಯಲ್ಲಿ ಶೇ. 4ರಂತೆ 8 ಕಿ.ಗ್ರಾಂ. ಡಾಂಬರಿದ್ದರೆ, ಹೊಸದಾಗಿ 42 ಕಿ.ಗ್ರಾಂ. ಸಾಕೆನಿಸುತ್ತದೆ. ಆದರೆ ಹಳೆಯದರಲ್ಲಿ ಅರ್ಧ ಮಾತ್ರ ಕರಗಿ ಬೆರೆತು, ಉಳಿದದ್ದು ಕಲ್ಲಿಗೇ ಅಂಟಿಕೊಂಡಿದ್ದರೆ 4 ಕಿ.ಗ್ರಾಂ. ಕೊರತೆಯಾಗುತ್ತದೆ. ಪರಿಣಾಮವಾಗಿ ಜಲ್ಲಿ ಕಿತ್ತು ಬರುತ್ತದೆ.

ಕಲ್ಲಿನ ಪಾತ್ರ: ಡಾಂಬರಿಗಿಂತ ನೀರಿನೊಂದಿಗೆ ಹೆಚ್ಚು ಒಲವುಳ್ಳ ಗ್ರಾನೈಟ್ ಜಲ್ಲಿಯಿಂದ ಲೇಪ ಬೇಗ ಕಳಚುತ್ತದೆ. ಉತ್ತರ ಕರ್ನಾಟಕದ ಕಪ್ಪು ಬಸಾಲ್ಟ್ ಕಲ್ಲಿನ ಹಿಡಿತ ಸಾಮಾನ್ಯವಾಗಿ ಉತ್ತಮ. ಲೇಪಿಸಿದ ಜಲ್ಲಿಯನ್ನು 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 24 ಗಂಟೆ ಇಟ್ಟು ಪರೀಕ್ಷಿಸುವ ವಿಧಾನ ಐಎಸ್ 6241ರಲ್ಲಿದೆ. ಹಿಡಿತ ಸಾಲದಿದ್ದಲ್ಲಿ ಅರಳಿಸಿದ ಸುಣ್ಣದ ಪುಡಿಯನ್ನು ಬೆರೆಸಬಹುದು.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು:

1. ಕೆರೆದ ಸಾಮಗ್ರಿಯಲ್ಲಿನ ಡಾಂಬರಿನ ಪ್ರಮಾಣ ಮತ್ತು ಗಡಸುತನವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆಯೇ?
2. ಹಳೆಯ ಡಾಂಬರಿನಲ್ಲಿ ಎಷ್ಟು ಭಾಗ ಬೆರೆಯುವುದೆಂದು ಮಿಶ್ರಣ ವಿನ್ಯಾಸದಲ್ಲಿ ಪರಿಗಣಿಸಲಾಗಿದೆ?
3. ರಾಶಿಯನ್ನು ಮಳೆಯಿಂದ ರಕ್ಷಿಸಲಾಗಿದೆಯೇ? ತೇವವಿದ್ದರೆ ಶಾಖವು ನೀರನ್ನು ಆವಿಯಾಗಿಸಲು ವ್ಯಯವಾಗಿ, ಹಳೆಯ ಡಾಂಬರು ಕರಗದೆ ಉಳಿಯುತ್ತದೆ.
4. ಘಟಕದಲ್ಲಿ ಹಳೆಯ ಸಾಮಗ್ರಿಗೆ ನೇರವಾಗಿ ಬೆಂಕಿಯ ಜ್ವಾಲೆ ತಗಲದಂತೆ ವ್ಯವಸ್ಥೆ ಇದೆಯೇ?

ಹೊಸದಾಗಿ ಹಾಸಿದ ರಸ್ತೆ ಮೊದಲ ದಿನ ಕಪ್ಪಾಗಿ, ನುಣುಪಾಗಿಯೇ ಕಾಣುತ್ತದೆ. ಕೊರತೆ ಬಯಲಾಗುವುದು ಮಳೆಗಾಲದಲ್ಲಿ. ಆದ್ದರಿಂದ ಮೇಲಿನ ಉತ್ತರಗಳನ್ನು ಕಾಮಗಾರಿ ಆರಂಭಕ್ಕೆ ಮುನ್ನವೇ ಲಿಖಿತವಾಗಿ ಪಡೆದು, ಕಡತದಲ್ಲಿ ಇರಿಸುವುದು ಸೂಕ್ತ.