ಬಾಡಿಗೆಯ ಆಧಾರದ ಮೇಲೆ ಸಾಲ

ವಾಸದ ಮನೆಗೆ ಸಾಲ ನೀಡುವಾಗ ಬ್ಯಾಂಕು ಅರ್ಜಿದಾರನ ಸಂಬಳವನ್ನು ನೋಡುತ್ತದೆ. ಬಾಡಿಗೆಗೆ ಕೊಟ್ಟಿರುವ ಅಂಗಡಿ, ಕಚೇರಿ ಅಥವಾ ಗೋದಾಮಿನ ಮೇಲೆ ಸಾಲ ನೀಡುವಾಗ ಅದರ ದೃಷ್ಟಿ ಬಾಡಿಗೆದಾರನ ಕಡೆಗೆ ತಿರುಗುತ್ತದೆ. ಮುಂದಿನ ವರ್ಷಗಳಲ್ಲಿ ಬರಲಿರುವ ಬಾಡಿಗೆಯನ್ನು ಇಂದಿನ ಮೌಲ್ಯಕ್ಕೆ ಇಳಿಸಿ, ಆ ಮೊತ್ತದ ಮಿತಿಯೊಳಗೆ ಸಾಲ ಮಂಜೂರು ಮಾಡುವ ಈ ಪದ್ಧತಿಗೆ ಬ್ಯಾಂಕುಗಳಲ್ಲಿ ‘ಲೀಸ್ ರೆಂಟಲ್ ಡಿಸ್ಕೌಂಟಿಂಗ್’ ಎಂದು ಹೆಸರು. ಮುಂಬಯಿ, ಪುಣೆಗಳಲ್ಲಿ ಹೋಟೆಲು ನಡೆಸಿ, ಮಳಿಗೆ ಕೊಂಡು, ಈಗ ಅದನ್ನು ಬ್ಯಾಂಕಿನ ಶಾಖೆಗೋ ಔಷಧಿ ಅಂಗಡಿಗೋ ಬಾಡಿಗೆಗೆ ಕೊಟ್ಟಿರುವ ಕನ್ನಡಿಗ ಕುಟುಂಬಗಳಿವೆ. ಇನ್ನೊಂದು ಮಳಿಗೆ ಕೊಳ್ಳಬೇಕೆಂಬ ಆಲೋಚನೆ ಬಂದಾಗ ಅಂಥವರ ಮುಂದೆ ಮೊದಲು ಬರುವ ಸಲಹೆ ಈ ಸಾಲದ್ದೇ ಆಗಿರುತ್ತದೆ.

ಇದರ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಮಳಿಗೆಯ ತಿಂಗಳ ಬಾಡಿಗೆ 1,50,000 ರೂಪಾಯಿ ಎಂದುಕೊಳ್ಳೋಣ. ಬಾಡಿಗೆದಾರ ಒಂದು ಕಂಪೆನಿಯಾದರೆ ಮೂಲದಲ್ಲೇ ಶೇ. 10ರಷ್ಟು, ಅಂದರೆ 15,000 ರೂಪಾಯಿ, ಆದಾಯ ತೆರಿಗೆಯನ್ನು ಹಿಡಿದುಕೊಳ್ಳುತ್ತದೆ. ಕಟ್ಟಡದ ತೆರಿಗೆ ಮತ್ತು ನಿರ್ವಹಣೆಗೆ ಇನ್ನೂ 15,000 ಹೋದರೆ ಉಳಿಯುವುದು 1,20,000. ಬಾಡಿಗೆಯ ಜೊತೆ ವಸೂಲಾಗುವ ಜಿ.ಎಸ್.ಟಿ. ಸರ್ಕಾರದ ಹಣವಾದ್ದರಿಂದ ಅದು ಈ ಲೆಕ್ಕಕ್ಕೆ ಬಾರದು. ನಿವ್ವಳ ಬಾಡಿಗೆಯು ಕಂತಿನ ಒಂದೂಕಾಲು ಪಟ್ಟು ಇರಬೇಕೆಂದು ಬ್ಯಾಂಕು ಬಯಸಿದರೆ ಮಾಸಿಕ ಕಂತು 96,000 ರೂಪಾಯಿ ಮೀರುವಂತಿಲ್ಲ. ವಾರ್ಷಿಕ ಶೇ. 10ರ ಬಡ್ಡಿಯಲ್ಲಿ, ಎಂಟು ವರ್ಷಗಳ ಅವಧಿಗೆ, ಈ ಕಂತಿನಿಂದ ತೀರಿಸಬಹುದಾದ ಸಾಲ ಸುಮಾರು 63 ಲಕ್ಷ ರೂಪಾಯಿ. ಅವಧಿ ಮೂರೇ ವರ್ಷವಾದರೆ ಅದೇ ಕಂತಿಗೆ ಸಿಗುವುದು ಸುಮಾರು 29.75 ಲಕ್ಷ. ಮಳಿಗೆಯ ಪೇಟೆ ಬೆಲೆ ಎರಡು ಕೋಟಿಯೇ ಇರಲಿ, ಈ ಅಂಕಿ ಬದಲಾಗುವುದಿಲ್ಲ.

ಎಂಟು ವರ್ಷವೋ ಮೂರು ವರ್ಷವೋ ಎಂಬುದನ್ನು ನಿರ್ಧರಿಸುವುದು ಬಾಡಿಗೆ ಕರಾರು. ಅನೇಕ ಕರಾರುಗಳ ಮೊದಲ ಪುಟದಲ್ಲಿ ದೀರ್ಘ ಅವಧಿ ಕಾಣುತ್ತದೆ. ಒಳಗಿನ ಒಂದು ಷರತ್ತಿನಲ್ಲಿ ಮಾತ್ರ, ‘ಲಾಕ್-ಇನ್’ ಅವಧಿ ಮುಗಿದ ನಂತರ ಬಾಡಿಗೆದಾರನು ಮೂರು ತಿಂಗಳ ನೋಟೀಸು ಕೊಟ್ಟು ತೆರವು ಮಾಡಬಹುದು ಎಂದಿರುತ್ತದೆ. ಅಂದರೆ ಕಾಗದದ ಮೇಲಿನ ಎಂಟು ವರ್ಷಗಳಲ್ಲಿ ನಂಬಬಹುದಾದುದು ಲಾಕ್-ಇನ್ ಅವಧಿಯಷ್ಟೇ. ಮೇಲಿನ ಉದಾಹರಣೆಯಲ್ಲಿ ಎಂಟು ವರ್ಷದ ಲೆಕ್ಕದ ಮೇಲೆ 63 ಲಕ್ಷ ಪಡೆದು, ಮೂರು ವರ್ಷಕ್ಕೆ ಬಾಡಿಗೆದಾರ ಹೊರಟುಹೋದನೆಂದರೆ ಇನ್ನೂ ಸುಮಾರು 45 ಲಕ್ಷ ಬಾಕಿ ಇರುತ್ತದೆ. ಮಳಿಗೆ ಆರು ತಿಂಗಳು ಖಾಲಿ ಬಿದ್ದರೆ 5,76,000 ರೂಪಾಯಿಗಳ ಕಂತನ್ನು ಮಾಲೀಕನು ಬೇರೆ ಕಡೆಯಿಂದ ಹೊಂದಿಸಬೇಕು. ಬ್ಯಾಂಕು ಉದಾರವಾಗಿ ಹೆಚ್ಚು ಸಾಲ ನೀಡಲು ಒಪ್ಪಿತೆಂಬುದು ಈ ಅಪಾಯಕ್ಕೆ ಪರಿಹಾರವಲ್ಲ.

ಕರಾರಿನ ನೋಂದಣಿಯೂ ಅಷ್ಟೇ ಮುಖ್ಯ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರುವ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಕರಾರಿನ ರೂಢಿ ಬಂದದ್ದೇ ಇದನ್ನು ತಪ್ಪಿಸಲು. ಮಹಾರಾಷ್ಟ್ರದಲ್ಲಿ ಆ ದಾರಿಯೂ ಇಲ್ಲ. ಅಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯಿದೆಯು, ಅವಧಿ ಎಷ್ಟೇ ಇರಲಿ, ‘ಲೀವ್ ಅಂಡ್ ಲೈಸೆನ್ಸ್’ ಕರಾರು ಲಿಖಿತವಾಗಿದ್ದು ನೋಂದಣಿಯಾಗಬೇಕೆಂದು ವಿಧಿಸಿ, ಅದರ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದೆ. ನೋಂದಣಿಯಾಗದ ಐದು ವರ್ಷದ ಅಂಗಡಿ ಗುತ್ತಿಗೆಯನ್ನು ಕಾನೂನು ಸಾಮಾನ್ಯವಾಗಿ ತಿಂಗಳ ಬಾಡಿಗೆಯಂತೆ ಪರಿಗಣಿಸುತ್ತದೆ. ಹದಿನೈದು ದಿನಗಳ ನೋಟೀಸಿನಿಂದ ಅದು ಮುಗಿದುಹೋಗಬಹುದು. ಹದಿನೈದು ದಿನಗಳ ಭರವಸೆಯ ಮೇಲೆ ಯಾವ ಬ್ಯಾಂಕೂ ಹಲವು ವರ್ಷಗಳ ಸಾಲ ನೀಡಲಾರದು.

ಸಾಲ ಮಂಜೂರಾದ ಮೇಲೆ ಬಾಡಿಗೆಯು ಮಾಲೀಕನ ಕೈಗೆ ನೇರವಾಗಿ ಬರುವುದಿಲ್ಲ. ಬಾಡಿಗೆದಾರನಿಂದ ಒಪ್ಪಿಗೆ ಪತ್ರ ಪಡೆದು, ಹಣ ‘ಎಸ್ಕ್ರೋ’ ಎಂಬ ಪ್ರತ್ಯೇಕ ಖಾತೆಗೆ ಜಮೆಯಾಗುವಂತೆ ಏರ್ಪಾಡು ಮಾಡಲಾಗುತ್ತದೆ. ಕಂತು ಮುರಿದುಕೊಂಡು ಉಳಿದದ್ದು ಮಾಲೀಕನಿಗೆ. ಬ್ಯಾಂಕಿನ ಅನುಮತಿಯಿಲ್ಲದೆ ಬಾಡಿಗೆ ಇಳಿಸುವುದು, ಕರಾರು ರದ್ದುಪಡಿಸುವುದು ಸಾಧ್ಯವಿಲ್ಲ. ಇಲ್ಲಿ ಹೆಚ್ಚಿನವರು ಮರೆಯುವ ಒಂದು ಸಂಗತಿಯಿದೆ. ಅದು ಮುಂಗಡ ಠೇವಣಿ. ತೆರವು ಮಾಡಲಿರುವ ಬಾಡಿಗೆದಾರನು ಕೊನೆಯ ತಿಂಗಳುಗಳ ಬಾಡಿಗೆ ಕೊಡದೆ, ಠೇವಣಿಯಲ್ಲಿ ವಜಾ ಮಾಡಿಕೊಳ್ಳಿ ಎನ್ನುವುದು ಎಲ್ಲೆಡೆ ಕಾಣುವ ವಾಡಿಕೆ. ಠೇವಣಿಯ ಹಣ ಹಿಂದೆಯೇ ಖರ್ಚಾಗಿದ್ದರೆ ಆ ತಿಂಗಳುಗಳಲ್ಲಿ ಖಾತೆಗೆ ಏನೂ ಬರುವುದಿಲ್ಲ. ಬಳಿಕ ಖಾಲಿ ಇರುವ ಅವಧಿ ಬೇರೆ. ಠೇವಣಿಯನ್ನು ಆದಾಯವೆಂದು ಎಣಿಸದೆ ನಿಶ್ಚಿತ ಠೇವಣಿಯಲ್ಲಿಟ್ಟ ಮಾಲೀಕನು ಈ ಸಂಕಟದಿಂದ ಪಾರಾಗುತ್ತಾನೆ.

2020ರಲ್ಲಿ ಈ ಎಲ್ಲ ಎಣಿಕೆಗಳೂ ಪರೀಕ್ಷೆಗೆ ಒಳಗಾದವು. ಲಾಕ್‌ಡೌನಿನಲ್ಲಿ ಮುಚ್ಚಿದ ಅಂಗಡಿ, ಹೋಟೆಲುಗಳವರು ಬಾಡಿಗೆ ನಿಲ್ಲಿಸಿದರು ಅಥವಾ ಕಡಿತ ಕೇಳಿದರು. ರಿಸರ್ವ್ ಬ್ಯಾಂಕು ಆ ವರ್ಷದ ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಕಂತುಗಳನ್ನು ಮುಂದೂಡಲು ಅವಕಾಶ ನೀಡಿತು. ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. ಬಾಡಿಗೆ ನಿಂತರೆ ಸಾಲವೂ ನಿಲ್ಲುತ್ತದೆಂದು ಭಾವಿಸಿದ್ದವರಿಗೆ ವಾಸ್ತವ ಆಗ ಸ್ಪಷ್ಟವಾಯಿತು. ಸಾಲದ ಅಳತೆ ಬಾಡಿಗೆಯದಾದರೂ ಹೊಣೆ ಮಾಲೀಕನದು. ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ. ಆ ಬಳಿಕ 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು ನೀಡಿ, ಆಗಲೂ ಬಾಕಿ ತೀರದಿದ್ದರೆ, ಸಿವಿಲ್ ದಾವೆಯ ಅಗತ್ಯವಿಲ್ಲದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಬ್ಯಾಂಕಿಗಿದೆ.

ಆದಾಯ ತೆರಿಗೆಯ ವಿಷಯದಲ್ಲೂ ಒಂದು ತಪ್ಪು ಕಲ್ಪನೆ ಹರಡಿದೆ. ಬಾಡಿಗೆ ಆದಾಯದಲ್ಲಿ, ಸ್ಥಳೀಯ ಸಂಸ್ಥೆಗೆ ಕಟ್ಟಿದ ತೆರಿಗೆಯನ್ನು ಕಳೆದ ಮೇಲೆ, ಶೇ. 30ರಷ್ಟು ವಿನಾಯಿತಿ ತಾನಾಗಿ ದೊರೆಯುತ್ತದೆ. ಬಡ್ಡಿಯ ವಿನಾಯಿತಿ ಹಾಗಲ್ಲ. ಯಾವ ಕಟ್ಟಡದಿಂದ ಬಾಡಿಗೆ ಬರುತ್ತದೆಯೋ ಅದನ್ನು ಕೊಳ್ಳಲು, ಕಟ್ಟಲು ಅಥವಾ ದುರಸ್ತಿ ಮಾಡಲು ಬಳಸಿದ ಸಾಲದ ಬಡ್ಡಿಯನ್ನು ಮಾತ್ರ ಅದರ ಬಾಡಿಗೆಯಿಂದ ಕಳೆಯಬಹುದು. ಹಳೆಯ ಮಳಿಗೆಯನ್ನು ಅಡವಿಟ್ಟು ಪಡೆದ ಹಣದಿಂದ ಹೊಸ ಮಳಿಗೆ ಕೊಂಡರೆ ಬಡ್ಡಿಯು ಹೊಸ ಮಳಿಗೆಯ ಲೆಕ್ಕಕ್ಕೆ ಸೇರುತ್ತದೆ. ಅದೇ ಹಣದಿಂದ ಮಗಳ ಮದುವೆ ಮಾಡಿದರೆ ಯಾವ ಮಳಿಗೆಯ ಬಾಡಿಗೆಯಿಂದಲೂ ಆ ಬಡ್ಡಿಯನ್ನು ಕಳೆಯಲು ಬರುವುದಿಲ್ಲ. ಆದ್ದರಿಂದ ಸಾಲದ ಹಣ ಎಲ್ಲಿಗೆ ಹೋಯಿತೆಂಬುದನ್ನು ತೋರಿಸುವ ಬ್ಯಾಂಕ್ ಲೆಕ್ಕಪಟ್ಟಿ ಮತ್ತು ರಸೀದಿಗಳನ್ನು ಸಾಲ ತೀರುವವರೆಗೂ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.