ಡಾಂಬರು ಉಂಡೆ ಹೆಕ್ಕುವ ಮುನ್ನ ಗೂಡು ಎಲ್ಲಿದೆ ನೋಡಿ

ಬೆಲ್ಲದ ಬಾಗೇವಾಡಿ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯವರಿಗೆ ಸಮುದ್ರವೆಂದರೆ ಕಾರವಾರ, ಇಲ್ಲವೇ ಗೋವಾ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದವರ ಅಂಗಾಲಿಗೆ ಕಪ್ಪು ಜಿಡ್ಡು ಮೆತ್ತಿಕೊಳ್ಳುವುದುಂಟು. ಅದೇ ಡಾಂಬರು ಉಂಡೆ, ಅಂದರೆ ಟಾರ್ ಬಾಲ್. ಹಡಗಿನಿಂದಲೋ ತೈಲಬಾವಿಯಿಂದಲೋ ಸೋರಿದ ಎಣ್ಣೆಯ ಹಗುರ ಅಂಶ ಆವಿಯಾಗಿ, ಉಳಿದದ್ದು ನೀರು ಮರಳಿನೊಡನೆ ಕಲೆತು ಉಂಡೆಗಟ್ಟುತ್ತದೆ. ಮುಂಗಾರು ಗಾಳಿ ಅದನ್ನು ದಂಡೆಗೆ ತಳ್ಳುತ್ತದೆ. 2006ರ ಮೇ 30ರಂದು ಕಾರವಾರದ ಬಳಿ ‘ಓಷನ್ ಸೆರಾಯಾ’ ಹಡಗು ಅಪಘಾತಕ್ಕೀಡಾದಾಗ ಅದರ ತೈಲ ದಕ್ಷಿಣ ಗೋವಾದ ದಂಡೆಗಳನ್ನೂ ಮುಟ್ಟಿತ್ತು.

ಜಿಡ್ಡು ಬರುವ ಈ ತಿಂಗಳುಗಳಲ್ಲೇ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಸಂಸಾರವೂ ನಡೆಯುತ್ತದೆ. ನಮ್ಮ ಹೊಲಗಳಲ್ಲಿ ಕೂಗಿ ಊರನ್ನೇ ಎಬ್ಬಿಸುವ ಟಿಟ್ಟಿಭ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬಯಲಲ್ಲಿ ಸಣ್ಣ ಗುಳಿ ಮಾಡಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಕೆಂಟಿಶ್ ಪ್ಲವರ್ ಎಂಬ ಪುಟ್ಟ ಹಕ್ಕಿಯೂ ಭಾರತದ ಕರಾವಳಿಯ ಕೆಲವೆಡೆ ಮರಳಲ್ಲೇ ಮರಿ ಮಾಡುತ್ತದೆ. ಆದ್ದರಿಂದ ಕಾಲೇಜಿನ ಎನ್ನೆಸ್ಸೆಸ್ ತಂಡವಾಗಲಿ, ಗೆಳೆಯರ ಬಳಗವಾಗಲಿ, ದಂಡೆ ಸ್ವಚ್ಛ ಮಾಡಲು ಹೊರಟರೆ ಒಂದು ಕ್ರಮ ಬೇಕು.

ಮೊದಲು ತಿಳಿಸಿ. ಅಲ್ಲೊಂದು ಇಲ್ಲೊಂದು ಉಂಡೆ ಬೇರೆ, ದಂಡೆಯುದ್ದಕ್ಕೂ ಜಿಡ್ಡಿನ ಪಟ್ಟೆ ಬಿದ್ದಿರುವುದು ಬೇರೆ. ಪಟ್ಟೆ ಕಂಡರೆ ನೀವು ಕೈಹಾಕಬೇಡಿ. ಕರಾವಳಿ ರಕ್ಷಣಾ ಪಡೆಯ 1554ಕ್ಕೆ, ಜಿಲ್ಲಾಡಳಿತಕ್ಕೆ ಫೋನ್ ಮಾಡಿ. ಸಣ್ಣ ಕೆಲಸಕ್ಕೂ ಅರಣ್ಯ ಇಲಾಖೆಯವರನ್ನು ಕೇಳಿ ಇಳಿಯುವುದೇ ಸರಿ. ಯಾವ ಭಾಗದಲ್ಲಿ ಗೂಡುಗಳಿವೆ ಎಂಬುದು ಅವರಿಗೂ ಅಲ್ಲಿನ ಮೀನುಗಾರರಿಗೂ ಗೊತ್ತಿರುತ್ತದೆ.

ಆಮೇಲೆ ಗೂಡು ಹುಡುಕಿ, ಆದರೆ ಮರಳು ತುಳಿದು ಅಲ್ಲ. ದೂರ ನಿಂತು ದುರ್ಬೀನಿನಲ್ಲಿ ನೋಡಿ. ಮೊಟ್ಟೆಯ ಬಣ್ಣ ಮರಳು, ಕಲ್ಲಿನ ಬಣ್ಣದಲ್ಲೇ ಬೆರೆತುಹೋಗುವುದರಿಂದ ಕಣ್ಣಿಗೆ ಬೀಳುವುದು ಹಕ್ಕಿಯ ನಡವಳಿಕೆ ಮಾತ್ರ. ಟಿಟ್ಟಿಭ ತಲೆಯ ಮೇಲೇ ಸುತ್ತಿ ಕೂಗಿದರೆ, ಪ್ಲವರ್ ರೆಕ್ಕೆ ಮುರಿದಂತೆ ಕುಂಟುತ್ತ ಓಡಿದರೆ, ಗೂಡು ಹತ್ತಿರದಲ್ಲಿದೆ ಎಂದೇ ಅರ್ಥ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ಎಷ್ಟು ದೂರ ಎಂದು ಕೇಳಿದರೆ, ಹಕ್ಕಿ ಸುಮ್ಮನಾಗಿ ಮತ್ತೆ ಕಾವಿಗೆ ಕೂರುವಷ್ಟು ದೂರ. ಅಲ್ಲಿ ಒಂದು ಕೋಲು ನೆಟ್ಟು, ಅದರಾಚೆ ಯಾರೂ ಹೋಗದಂತೆ ಒಬ್ಬರನ್ನು ನಿಲ್ಲಿಸಿ. ಗೂಡಿನ ಪಕ್ಕದಲ್ಲೇ ಕೋಲು ನೆಟ್ಟರೆ ಕಾಗೆ, ನಾಯಿಗೆ ದಾರಿ ತೋರಿಸಿದಂತೆ. ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗೂಡು ಬಿಟ್ಟು ಓಡಾಡುತ್ತವೆ, ಬೆದರಿದರೆ ಅಲ್ಲೇ ಅಡಗಿ ಕೂರುತ್ತವೆ. ಹೀಗಾಗಿ ಖಾಲಿ ಕಾಣುವ ಮರಳಲ್ಲೂ ಕಾಲಡಿ ನೋಡಿಯೇ ನಡೆಯಬೇಕು.

ಹೆಕ್ಕಲು ಒಳ್ಳೆಯ ಹೊತ್ತು ಬೆಳಗಿನ ಇಳಿತ. ತಂಪಿನಲ್ಲಿ ಉಂಡೆ ಗಟ್ಟಿಯಾಗಿದ್ದು ಇಡಿಯಾಗಿ ಎದ್ದು ಬರುತ್ತದೆ. ಬಿಸಿಲೇರಿದರೆ ಕರಗಿ ಮರಳಿಗೆ ಇಳಿಯುತ್ತದೆ. ಹಕ್ಕಿಗೂ ಇದೇ ಲೇಸು. ಸುಡುಬಿಸಿಲಿನಲ್ಲಿ ತಾಯಿಯನ್ನು ಎಬ್ಬಿಸಿದರೆ ಮೊಟ್ಟೆಗಳು ಬೇಯುತ್ತವೆ. ಟಿಟ್ಟಿಭ ಹೊಟ್ಟೆಯ ಗರಿಗಳನ್ನು ನೀರಲ್ಲಿ ಅದ್ದಿ ತಂದು ಮೊಟ್ಟೆ ತಂಪು ಮಾಡುವುದು ಆ ಬಿಸಿಲಿಗಾಗಿಯೇ.

ನೈಟ್ರೈಲ್ ಕೈಗವಸು, ಗಮ್ ಬೂಟು, ತುಂಬುತೋಳಿನ ಅಂಗಿ, ಖುರಪಿ, ಜರಡಿ, ದಪ್ಪ ಪ್ಲಾಸ್ಟಿಕ್ ಚೀಲಗಳಿದ್ದರೆ ಸಾಕು. ಬಟ್ಟೆಯ ಕೈಗವಸು ಎಣ್ಣೆ ಹೀರುತ್ತದೆ, ಬೇಡ. ಓಡಾಟವೆಲ್ಲ ಒದ್ದೆ ಮರಳಲ್ಲಿರಲಿ. ಉಂಡೆಯ ಜೊತೆ ಅಂಟಿದಷ್ಟೇ ಮರಳು ತೆಗೆಯಿರಿ, ಉಳಿದದ್ದನ್ನು ಜರಡಿ ಹಿಡಿದು ಅಲ್ಲೇ ಬಿಡಿ. ಎಣ್ಣೆ ತಾಗದ ಪಾಚಿ, ಕಸಕಡ್ಡಿಯನ್ನು ಬಾಚಬೇಡಿ. ಅದರಡಿಯ ಸಣ್ಣ ಹುಳುಗಳೇ ದಂಡೆ ಹಕ್ಕಿಗಳ ಊಟ. ಅಡುಂಬು ಬಳ್ಳಿ ಹಬ್ಬಿದ ದಿಬ್ಬಕ್ಕೆ ಹತ್ತಬೇಡಿ. ಜೆಸಿಬಿ, ಟ್ರ್ಯಾಕ್ಟರ್ ತರುವ ಮಾತು ಬಂದರೆ ಗಟ್ಟಿಯಾಗಿ ವಿರೋಧಿಸಿ. ಯಂತ್ರ ಜಿಡ್ಡನ್ನು ಮರಳಿನಾಳಕ್ಕೆ ತುಳಿಯುತ್ತದೆ, ಮೊಟ್ಟೆಯನ್ನು ನೋಡುವುದೇ ಇಲ್ಲ. ಗೂಡಿನ ಹತ್ತಿರ ನಾಲ್ಕು ಉಂಡೆ ಉಳಿದರೆ ಉಳಿಯಲಿ, ಮರಿ ದೊಡ್ಡದಾದ ಮೇಲೆ ತೆಗೆಯಬಹುದು.

ಎಣ್ಣೆಗೈಯಿಂದ ಮೊಟ್ಟೆಯನ್ನಂತೂ ಮುಟ್ಟಲೇಬೇಡಿ. ಚಿಪ್ಪಿಗೆ ತುಸು ಎಣ್ಣೆ ಸೋಕಿದರೂ ಒಳಗಿನ ಭ್ರೂಣ ಸಾಯಬಹುದು. ಜಿಡ್ಡು ಹತ್ತಿದ ಹಕ್ಕಿ ಸಿಕ್ಕರೆ ತೊಳೆಯಲು ಹೋಗಬೇಡಿ, ನೀರು ಕುಡಿಸಲೂ ಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿಟ್ಟು, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಚೀಲಗಳನ್ನು ಒಬ್ಬರೇ ಎತ್ತುವಷ್ಟು ಮಾತ್ರ ತುಂಬಿ, ಉಬ್ಬರದ ಗೆರೆಯಿಂದಾಚೆ ನೆರಳಲ್ಲಿಡಿ. ಹೂಳುವುದು, ಸುಡುವುದು, ಪುರಸಭೆಯ ಕಸದ ಗಾಡಿಗೆ ಹಾಕುವುದು ಬೇಡ. ತೈಲದ ಕಸ ಅಪಾಯಕಾರಿ ತ್ಯಾಜ್ಯ, ಅದಕ್ಕೆ 2016ರ ಪ್ರತ್ಯೇಕ ನಿಯಮಗಳಿವೆ. ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದವರಿಗೇ ಒಪ್ಪಿಸಿ. ಜಾಗ, ದಿನಾಂಕ, ತೂಕ ಬರೆದುಕೊಡಿ. ಮೈಗೆ ಹತ್ತಿದ ಜಿಡ್ಡನ್ನು ಸೀಮೆಎಣ್ಣೆ, ಪೆಟ್ರೋಲಿನಿಂದ ಒರೆಸಬಾರದು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಸೋಪಿನಿಂದ ತೊಳೆದರೆ ಹೋಗುತ್ತದೆ. ಆ ಬಟ್ಟೆಯೂ ಜಿಡ್ಡಿನ ಚೀಲಕ್ಕೇ ಸೇರಬೇಕು. ಬುತ್ತಿಯ ರೊಟ್ಟಿ ಚೂರುಗಳನ್ನು ದಂಡೆಯಲ್ಲಿ ಬಿಡದೆ, ನೆಟ್ಟ ಕೋಲುಗಳನ್ನು ಅರಣ್ಯ ಸಿಬ್ಬಂದಿಗೆ ತೋರಿಸಿ ಹೊರಡಿ. ಮುಂದಿನ ಉಬ್ಬರದಲ್ಲಿ ಮತ್ತಷ್ಟು ಉಂಡೆ ಬರಬಹುದು, ಹೆಕ್ಕಲು ಬರುವ ಇನ್ನೊಂದು ತಂಡಕ್ಕೆ ಆ ಗುರುತು ಬೇಕಾಗುತ್ತದೆ.